ಸೆಲ್ಫ್ ಕೂರುವ ಜಾಗದಲ್ಲಿ ಬ್ಲಾಕ್ ಸೀಳಿದರೆ

ಕೀ ತಿರುಗಿಸಿದ ಕೂಡಲೇ ಕರಕರ ಸದ್ದು. ಬೋಲ್ಟ್ ಎಷ್ಟು ಬಿಗಿ ಮಾಡಿದರೂ ವಾರದೊಳಗೆ ಸಡಿಲ. ಹೀಗಾದರೆ ಸೆಲ್ಫನ್ನು, ಅಂದರೆ ಎಂಜಿನ್ ಚಾಲೂ ಮಾಡುವ ಸ್ಟಾರ್ಟರ್ ಮೋಟರನ್ನು, ದೂರುವ ಮೊದಲು ಅದು ಕೂರುವ ಕಿವಿಯನ್ನು (ಬೋಲ್ಟ್ ತೂತಿರುವ ಚಾಚು ಭಾಗ) ನೋಡಿ. ಬಳ್ಳಾರಿ ಜಿಲ್ಲೆಯ ಸಂಡೂರು, ತೋರಣಗಲ್ಲು ಕಡೆ ಓಡುವ ಗಾಡಿಗಳಲ್ಲಿ ಅದಿರಿನ ಕೆಂಪು ಧೂಳು ಆಯಿಲ್ ಜೊತೆ ಸೇರಿ ಗಟ್ಟಿ ಪದರ ಕಟ್ಟಿರುತ್ತದೆ. ಕೂದಲೆಳೆಯಷ್ಟು ಸೀಳು ಅದರಡಿ ಕಾಣುವುದೇ ಇಲ್ಲ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸೆಲ್ಫ್ ಇಳಿಸಿ, ಜಾಗವನ್ನು ಡೀಸೆಲ್‌ನಲ್ಲಿ ತೊಳೆದು ಥಿನ್ನರ್‌ನಿಂದ ಒರೆಸಿ. ಆಯಸ್ಕಾಂತ ಹಿಡಿದರೆ ಅದು ಬೀಡು ಕಬ್ಬಿಣ, ಹಿಡಿಯದಿದ್ದರೆ ಅಲ್ಯುಮಿನಿಯಂ. ನಮ್ಮಲ್ಲಿನ ಬಹುತೇಕ ಸಣ್ಣ ಕಾರುಗಳಲ್ಲಿ ಸೆಲ್ಫ್ ಕೂರುವುದು ಗೇರ್‌ಬಾಕ್ಸಿನ ಅಲ್ಯುಮಿನಿಯಂ ಹೌಸಿಂಗಿಗೆ; ಅದಕ್ಕೆ ಟಿಗ್ ವೆಲ್ಡಿಂಗ್ (ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಮಾಡುವ ಬೆಸುಗೆ) ಬೇಕು, ಇಲ್ಲವೇ ಹೌಸಿಂಗ್ ಬದಲಿಸಬೇಕು. ಮುಂದಿನದೆಲ್ಲ ಬೀಡು ಕಬ್ಬಿಣದ ಬ್ಲಾಕಿಗೆ ಮಾತ್ರ.

ಸೀಳು ಎಲ್ಲಿಯವರೆಗೆ ಹೋಗಿದೆ ಎಂಬುದನ್ನು ಕಣ್ಣಳತೆಗೆ ಬಿಡಬೇಡಿ. ಸೀಳು ತೋರಿಸುವ ಡೈ ಪೆನೆಟ್ರಂಟಿನ ಕೆಂಪು ದ್ರವ ಸಿಂಪಡಿಸಿ 10–15 ನಿಮಿಷ ಬಿಡಿ, ಬಟ್ಟೆಯಲ್ಲಿ ಒರೆಸಿ, ಬಿಳಿ ಡೆವಲಪರ್ ಹೊಡೆಯಿರಿ. ಬಿಳಿಯ ಮೇಲೆ ಕೆಂಪು ಗೆರೆ ತಾನಾಗಿ ಮೂಡುತ್ತದೆ. ಎರಡೂ ತುದಿಗೆ ಪಂಚ್ ಗುರುತು ಹಾಕಿ. ಗೆರೆ ನೀರಿನ ಜಾಕೆಟ್ (ಬ್ಲಾಕಿನೊಳಗೆ ತಂಪಿನ ನೀರು ಹರಿಯುವ ಜಾಗ) ಅಥವಾ ಆಯಿಲ್ ದಾರಿಯ ಕಡೆ ತಿರುಗಿದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಮೆಟಲ್ ಸ್ಟಿಚಿಂಗ್, ಅಂದರೆ ಬೆಸುಗೆಯಿಲ್ಲದೆ ಲೋಹದ ಪಿನ್ನುಗಳಿಂದ ಸೀಳು ಹೊಲಿಯುವುದನ್ನು, ಬಲ್ಲವರ ಕೆಲಸ. ಎಪಾಕ್ಸಿ ಅಂಟು ಹಚ್ಚುವ ಆಸೆಯೂ ಬೇಡ, ಸೆಲ್ಫಿನ ಎಳೆತಕ್ಕೆ ಅದು ತಾಳುವುದಿಲ್ಲ.

ಸೀಳಿದ್ದೇಕೆ ಎಂಬುದು ತಿಳಿಯದೆ ಮುಚ್ಚಿದರೆ ಮತ್ತೆ ಸೀಳುತ್ತದೆ. ಒಂದು ಬೋಲ್ಟ್ ಸಡಿಲಾಗಿ ಹೊರೆಯೆಲ್ಲ ಇನ್ನೊಂದರ ಮೇಲೆ ಬಿದ್ದಿರಬಹುದು. ಸೆಲ್ಫಿನ ಹಿಂಬದಿಯ ಆಧಾರದ ಪಟ್ಟಿಯನ್ನು ಯಾರೋ ಬಿಚ್ಚಿ ಹಾಗೇ ಬಿಟ್ಟಿರಬಹುದು. ಉದ್ದ ಹೆಚ್ಚಿದ ಬೋಲ್ಟ್ ತೂತಿನ ತಳಕ್ಕೆ ತಾಗಿರಬಹುದು. ಹೆಚ್ಚಿನವರು ಗಮನಿಸದ ಕಾರಣ ಇನ್ನೊಂದಿದೆ: ತಳ ಮುಚ್ಚಿದ ತೂತಿನಲ್ಲಿ ಆಯಿಲ್ ನಿಂತಿದ್ದರೆ, ಬೋಲ್ಟ್ ಬಿಗಿಯುವಾಗ ಆಯಿಲ್‌ಗೆ ಹೋಗಲು ದಾರಿಯಿಲ್ಲದೆ ಅದೇ ಒತ್ತಡ ಕಿವಿಯನ್ನು ಒಡೆಯುತ್ತದೆ.

ಸೀಳಿನ ಎರಡೂ ತುದಿಯಲ್ಲಿ, ಕಂಡದ್ದಕ್ಕಿಂತ ತುಸು ಆಚೆಗೆ, 3 ಮಿ.ಮೀ. ತೂತು ಕೊರೆಯಿರಿ, ಇಲ್ಲವಾದರೆ ಶಾಖಕ್ಕೆ ಸೀಳು ಓಡುತ್ತದೆ. ನಂತರ ಸೀಳಿನುದ್ದಕ್ಕೂ ಸುಮಾರು 60 ಡಿಗ್ರಿಯ ವಿ ಆಕಾರದ ತೋಡು ತೆಗೆಯಿರಿ. ಇದಕ್ಕೆ ಕಾರ್ಬೈಡ್ ಬರ್ (ತಿರುಗುತ್ತ ಕೊರೆಯುವ ಗಟ್ಟಿ ಹಲ್ಲಿನ ತುದಿ) ಒಳ್ಳೆಯದು. ಗ್ರೈಂಡಿಂಗ್ ಚಕ್ರ ಬೀಡಿನಲ್ಲಿರುವ ಗ್ರಾಫೈಟನ್ನು ಮೇಲೆಲ್ಲ ಸವರಿಬಿಡುತ್ತದೆ, ವೆಲ್ಡ್ ಹಿಡಿಯುವುದಿಲ್ಲ. ಹಳೆಯ ಬೀಡು ಆಯಿಲ್ ಕುಡಿದಿರುತ್ತದೆ. ಗ್ಯಾಸ್ ಟಾರ್ಚಿನಿಂದ ಮೆಲ್ಲಗೆ ಬಿಸಿ ಮಾಡಿ, ಹೊಗೆ ನಿಲ್ಲುವವರೆಗೂ ಒರೆಸುತ್ತಲೇ ಇರಬೇಕು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಇಲ್ಲಿ ಬಳಸಬಾರದು, ವೆಲ್ಡಿಂಗ್ ಶಾಖಕ್ಕೆ ಅದು ಪ್ರಾಣ ತೆಗೆಯುವ ವಿಷಾನಿಲವಾಗುತ್ತದೆ.

ಗಾಡಿಯಲ್ಲೇ ವೆಲ್ಡ್ ಮಾಡುವುದಾದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಆಲ್ಟರ್ನೇಟರ್ ಸಂಪರ್ಕ ಬಿಚ್ಚಿ, ಇಂಧನ ಪೈಪುಗಳನ್ನು ದೂರ ಸರಿಸಿ, ಅರ್ತ್ ಕ್ಲಾಂಪನ್ನು ಸೀಳಿನ ಪಕ್ಕದಲ್ಲೇ ಹಾಕಿ. ರಾಡು ನಿಕ್ಕಲ್‌ನದ್ದು, 2.5 ಮಿ.ಮೀ.; ಕರೆಂಟು 60–80 ಆಂಪಿಯರ್. ಒಂದು ಸಲಕ್ಕೆ 2–3 ಸೆಂ.ಮೀ.ಗಿಂತ ಹೆಚ್ಚು ಎಳೆಯಬೇಡಿ. ವೆಲ್ಡ್ ಇನ್ನೂ ಬಿಸಿಯಿರುವಾಗಲೇ ದುಂಡು ತಲೆಯ ಸುತ್ತಿಗೆಯಿಂದ ಸಣ್ಣಗೆ ತಟ್ಟಿ. ಕುಗ್ಗುವಾಗಿನ ಎಳೆತ ಇದರಿಂದ ಸಡಿಲುತ್ತದೆ. ಕೈ ಇಡುವಷ್ಟು ಆರಿದ ಮೇಲೆ ಮುಂದಿನ ತುಂಡು. ನೀರು, ಫ್ಯಾನು ಯಾವುದೂ ಬೇಡ. ಆರುವಾಗ ಟಿಕ್ ಎಂದು ಕೇಳಿದರೆ ವೆಲ್ಡಿನ ಅಂಚಿನಲ್ಲಿ ಹೊಸ ಸೀಳು ಬಿದ್ದಿದೆ ಎಂದೇ ತಿಳಿದು ಮತ್ತೆ ಡೈ ಹಾಕಿ ನೋಡಿ.

ಕಿವಿಯೇ ಮುರಿದು ಕೈಗೆ ಬಂದಿದ್ದರೆ ಎಂಜಿನ್ ಇಳಿಸಿ, ಬರಿ ಬ್ಲಾಕನ್ನು ಎಲ್ಲ ಕಡೆ ಸಮನಾಗಿ 300 ಡಿಗ್ರಿಯಷ್ಟು ಕಾಯಿಸಿ ಬೆಸೆಯಬೇಕು. ಬೇಗ ಆರಿದ ಬೀಡು ಬಿಳಿಯಾಗಿ ಗಾಜಿನಂತೆ ಪೆಡಸಾಗುತ್ತದೆ, ಅರ ಹಾಕಿದರೂ ಜಾರುತ್ತದೆ. ಮೆಲ್ಲಗೆ ಆರಿಸಲು ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳಲ್ಲಿ ಸಿಗುವ ಹೊಟ್ಟಿನ ಬೂದಿಯಂಥ ಹೊದಿಕೆ ಬೇರೊಂದಿಲ್ಲ. ಬೂದಿ ಒಣಗಿರಬೇಕು, ಬ್ಲಾಕನ್ನು ಪೂರ್ತಿ ಹೂತು ಒಂದು ರಾತ್ರಿ ಮುಟ್ಟದೆ ಬಿಡಿ.

ಆಮೇಲೆ ಕೂರುವ ಮುಖವನ್ನು ಅರದಿಂದ ಸಮ ಮಾಡಿ. ನೇರ ಪಟ್ಟಿ ಇಟ್ಟಾಗ 0.05 ಮಿ.ಮೀ. ಫೀಲರ್ ಗೇಜ್ ನುಸುಳಬಾರದು. ಮುಖ ವಾಲಿದರೆ ಪಿನಿಯನ್ (ಸೆಲ್ಫಿನ ಸಣ್ಣ ಹಲ್ಲುಚಕ್ರ) ಓರೆಯಾಗಿ, ಎಂಜಿನ್ ತಿರುಗಿಸುವ ರಿಂಗ್ ಗೇರಿನ ಹಲ್ಲು ತಿನ್ನುತ್ತದೆ. ಬೋಲ್ಟ್ ತೂತಿನ ಎಳೆಗಳಿಗೆ (ಥ್ರೆಡ್) ಟ್ಯಾಪ್ ಹಾಕಿ, ಹಾಳಾಗಿದ್ದರೆ ಹೆಲಿಕಾಯಿಲ್ (ಹೊಸ ಎಳೆ ಕೊಡುವ ತಂತಿ ಸುರುಳಿ) ಕೂರಿಸಿ. ತೂತನ್ನು ಗಾಳಿ ಊದಿ ಒಣಗಿಸಿ. ಬೋಲ್ಟ್ ಹೊಸದು, ಸರಿಯಾದ ಉದ್ದದ್ದು. ಟಾರ್ಕ್ ಗಾಡಿಯ ಮ್ಯಾನ್ಯುಯಲ್ ಹೇಳಿದಷ್ಟೇ, 10 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 40–50 ನ್ಯೂಟನ್ ಮೀಟರ್. ಹಿಂಬದಿಯ ಆಧಾರದ ಪಟ್ಟಿಯನ್ನು ಕೊನೆಗೆ, ಸೆಲ್ಫನ್ನು ಪಕ್ಕಕ್ಕೆ ಎಳೆಯದಂತೆ ಕೂರಿಸಿ.