ಒಂದೇ ಒಂದು ಕಾಲಂ ಸೇರಿಸೋಕೆ ಇಷ್ಟು ತಯಾರಿ ಯಾಕೆ?

ಡಿಬಿಎ (ಡೇಟಾಬೇಸ್ ಅಡ್ಮಿನಿಸ್ಟ್ರೇಟರ್) ಅಂದರೆ ಬ್ಯಾಕಪ್ ನೋಡಿಕೊಳ್ಳುವವನು ಅಂತ ಸುಮಾರು ಜನ ತಿಳಿದುಕೊಂಡಿದ್ದಾರೆ. ಅದೂ ಹೌದು. ಆದರೆ ನನಗೆ ಜಾಸ್ತಿ ಎದೆ ಹೊಡೆದುಕೊಳ್ಳುವುದು "ಸರ್, ಒಂದೇ ಒಂದು ಕಾಲಂ, ಈಗಲೇ ಹಾಕಿಬಿಡಿ" ಅಂತ ಡೆವಲಪರ್ ಹುಡುಗರು ಮೆಸೇಜ್ ಕಳಿಸಿದಾಗ. ಅದೂ ಹಗಲೆಲ್ಲ ಬಿಡುವಿಲ್ಲದೆ ಬಳಕೆಯಲ್ಲಿರುವ ಆರ್ಡರ್ ಟೇಬಲ್‌ಗೆ.

ನಾವು ಬಳಸುವುದು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್. ಅದರಲ್ಲಿ ಕಾಲಂ ಸೇರಿಸುವುದೇನೂ ದೊಡ್ಡ ಕೆಲಸ ಅಲ್ಲ. 2018ರಲ್ಲಿ 11ನೇ ಆವೃತ್ತಿ ಬಂದ ಮೇಲಂತೂ, ಡಿಫಾಲ್ಟ್ ಆಗಿ (ಏನೂ ಕೊಡದಿದ್ದಾಗ ತಾನಾಗೇ ಕೂರುವ ಬೆಲೆ) ಒಂದು ಸಂಖ್ಯೆಯನ್ನೋ ಪದವನ್ನೋ ಕೊಟ್ಟರೂ ಇಡೀ ಟೇಬಲ್ ಮತ್ತೆ ಬರೆಯಬೇಕಾಗಿಲ್ಲ. ತೊಂದರೆ ಇರುವುದು ಲಾಕ್‌ನಲ್ಲಿ, ಅಂದರೆ ಒಬ್ಬರ ಕೆಲಸ ಮುಗಿಯುವವರೆಗೆ ಇನ್ನೊಬ್ಬರನ್ನು ತಡೆಯುವ ಬೀಗದಲ್ಲಿ. ಕಾಲಂ ಸೇರಿಸುವ 'ಆಲ್ಟರ್ ಟೇಬಲ್' ಕಮಾಂಡ್‌ಗೆ ಒಂದು ಕ್ಷಣವಾದರೂ ಟೇಬಲ್ ಯಾರ ಬಳಕೆಯಲ್ಲೂ ಇಲ್ಲದೆ ಸಿಗಬೇಕು, ಸುಮ್ನೆ ಓದುವವರೂ ಇರಬಾರದು.

ಮದುವೆ ಊಟದ ಹಾಲ್ ನೆನೆಸಿಕೊಳ್ಳಿ. ಗುಡಿಸುವವನು ಪೊರಕೆ ಹಿಡಿದು ನಿಂತಿದ್ದಾನೆ, ಅವನ ಕೆಲಸ ಎರಡೇ ನಿಮಿಷ. ಮೂಲೆಯಲ್ಲಿ ಒಬ್ಬ ಅಜ್ಜ ಇನ್ನೂ ಮೊಸರನ್ನ ಕಲಸುತ್ತಿದ್ದಾರೆ. ಅವರು ಏಳುವವರೆಗೆ ಇವನು ಗುಡಿಸುವ ಹಾಗಿಲ್ಲ, ಇವನು ಗುಡಿಸುವವರೆಗೆ ಮುಂದಿನ ಪಂಕ್ತಿಯವರು ಒಳಗೆ ಬರುವ ಹಾಗಿಲ್ಲ. ನಮ್ಮಲ್ಲಿ ಆ ಅಜ್ಜ ಅಂದರೆ ಅಕೌಂಟ್ಸ್‌ನವರ ಉದ್ದದ ರಿಪೋರ್ಟ್. ಅದರ ಹಿಂದೆ ಆಲ್ಟರ್ ಕಾಯುತ್ತದೆ, ಆಲ್ಟರ್ ಹಿಂದೆ ಆಮೇಲೆ ಬಂದ ಎಲ್ಲ ಸೆಲೆಕ್ಟ್‌ಗಳೂ (ಓದುವ ಕ್ವೆರಿಗಳು) ಸಾಲು ನಿಲ್ಲುತ್ತವೆ, ಕನೆಕ್ಷನ್ ಪೂಲ್ (ಡೇಟಾಬೇಸ್‌ಗೆ ಇರುವ ಸೀಮಿತ ಸಂಪರ್ಕಗಳು) ತುಂಬುತ್ತದೆ, ಸೈಟ್ ನಿಂತಿತು ಅಂತ ಫೋನ್ ಮೇಲೆ ಫೋನ್. ಸಿಪಿಯು ನೋಡಿದರೆ ತಣ್ಣಗಿರುತ್ತದೆ! ಹೊಸಬರು ದಾರಿ ತಪ್ಪುವುದೇ ಇಲ್ಲಿ.

ಅದಕ್ಕೇ ನಾನು ಮೊದಲು ನೋಡುವುದು ಪಿಜಿ_ಸ್ಟ್ಯಾಟ್_ಆಕ್ಟಿವಿಟಿ, ಡೇಟಾಬೇಸ್‌ನಲ್ಲಿ ಈಗ ಯಾರು ಏನು ಮಾಡುತ್ತಿದ್ದಾರೆ ಅಂತ ತೋರಿಸುವ ಪಟ್ಟಿ. ಎಲ್ಲಕ್ಕಿಂತ ಹಳೆಯ ಟ್ರಾನ್ಸಾಕ್ಷನ್ (ಒಟ್ಟಿಗೇ ಮುಗಿಯಬೇಕಾದ ಕೆಲಸಗಳ ಕಟ್ಟು) ಯಾರದ್ದು? ಸ್ಟೇಟ್‌ನಲ್ಲಿ 'ಐಡಲ್ ಇನ್ ಟ್ರಾನ್ಸಾಕ್ಷನ್' ಅಂತ ಕಂಡರೆ ಅರ್ಧ ಕಥೆ ಗೊತ್ತಾದ ಹಾಗೆ. ಯಾರೋ ಬಿಗಿನ್ ಕೊಟ್ಟು ಟ್ರಾನ್ಸಾಕ್ಷನ್ ಶುರು ಮಾಡಿ, ಒಂದು ಸೆಲೆಕ್ಟ್ ಓಡಿಸಿ, ಕಾಫಿಗೆ ಹೋಗಿರುತ್ತಾರೆ. ಲಾಕ್ ಮಾತ್ರ ಹಿಡಿದುಕೊಂಡೇ ಇರುತ್ತದೆ. ಇಂಥದ್ದಕ್ಕೆ ಕ್ಯಾನ್ಸಲ್ ಕೊಟ್ಟರೆ ಪ್ರಯೋಜನ ಇಲ್ಲ, ನಿಲ್ಲಿಸೋಕೆ ಅಲ್ಲಿ ಓಡುತ್ತಿರುವ ಕ್ವೆರಿಯೇ ಇಲ್ಲ, ಅಲ್ವಾ? ಟರ್ಮಿನೇಟ್ ಮಾಡಬೇಕು, ಅಂದರೆ ಆ ಕನೆಕ್ಷನ್ನನ್ನೇ ಕಡಿಯಬೇಕು. ಆದರೆ ಅದಕ್ಕೂ ಮುಂಚೆ ಆ ಮನುಷ್ಯನಿಗೆ ಒಂದು ಫೋನ್ ಮಾಡುತ್ತೇನೆ. ಹೇಳದೆ ಕಡಿದುಹಾಕಿದರೆ ನಾಳೆ ಅವರಿಂದ ನಮಗೆ ಕೆಲಸ ಬಿದ್ದಾಗ ಮುಖ ಕೊಡುವುದಿಲ್ಲ.

ಆಮೇಲೆ ಲಾಕ್ ಟೈಮ್‌ಔಟ್, ಲಾಕ್‌ಗಾಗಿ ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿ. ಇದರ ಡಿಫಾಲ್ಟ್ ಸೊನ್ನೆ, ಅಂದರೆ ಎಷ್ಟು ಹೊತ್ತಾದರೂ ಕಾಯುತ್ತದೆ. ನಾನು ಆಲ್ಟರ್ ಓಡಿಸುವ ಸೆಷನ್‌ಗೆ ಮಾತ್ರ 2 ಸೆಕೆಂಡ್ ಇಡುತ್ತೇನೆ, ಇಡೀ ಸರ್ವರ್‌ಗೆ ಅಲ್ಲ. ಅಷ್ಟರಲ್ಲಿ ಲಾಕ್ ಸಿಗದಿದ್ದರೆ ಎರರ್ ಬರುತ್ತದೆ, ಹಿಂದೆ ನಿಂತವರಿಗೆ ದಾರಿ ಆಗುತ್ತದೆ, ಸ್ವಲ್ಪ ಬಿಟ್ಟು ಸ್ಕ್ರಿಪ್ಟ್ ಮತ್ತೆ ಪ್ರಯತ್ನಿಸುತ್ತದೆ. ಹತ್ತು ಸಲ ಸೋತರೂ ಯಾರಿಗೂ ಗೊತ್ತಾಗುವುದಿಲ್ಲ.

ಕಾಲಂಗೆ ನಾಟ್ ನಲ್ (ಬೆಲೆಯಿಲ್ಲದೆ ಖಾಲಿ ಬಿಡುವ ಹಾಗಿಲ್ಲ ಅನ್ನುವ ನಿಯಮ) ಬೇಕು ಅಂದರೆ ಇನ್ನೊಂದು ಸುತ್ತು. ನೇರವಾಗಿ ಹಾಕಿದರೆ ಲಾಕ್ ಹಿಡಿದುಕೊಂಡೇ ಇಡೀ ಟೇಬಲ್ ಪರೀಕ್ಷಿಸುತ್ತಾ ಕೂರುತ್ತದೆ. ಅದರ ಬದಲು ಅದೇ ನಿಯಮವನ್ನು ಚೆಕ್ ಕನ್‌ಸ್ಟ್ರೇಂಟ್ ಆಗಿ, 'ನಾಟ್ ವ್ಯಾಲಿಡ್' (ಹಳೆಯ ಸಾಲುಗಳನ್ನು ಈಗಲೇ ಪರೀಕ್ಷಿಸಬೇಡ) ಅಂತ ಹಾಕಿ, ಆಮೇಲೆ ನಿಧಾನವಾಗಿ ವ್ಯಾಲಿಡೇಟ್ ಮಾಡಿಸುತ್ತೇನೆ, ಅಂದರೆ ಹಳೆಯ ಸಾಲುಗಳನ್ನೂ ಪರೀಕ್ಷಿಸುತ್ತೇನೆ. ಆ ಹೊತ್ತಿನಲ್ಲಿ ಇನ್ಸರ್ಟ್, ಅಪ್‌ಡೇಟ್ ಎಲ್ಲ ನಡೆಯುತ್ತಲೇ ಇರುತ್ತವೆ. ಕೊನೆಗೆ ನಾಟ್ ನಲ್ ಹಾಕಿದರೆ, 12ನೇ ಆವೃತ್ತಿಯಿಂದೀಚೆಗೆ, ಮತ್ತೆ ಹುಡುಕದೆ ತಕ್ಷಣ ಮುಗಿಯುತ್ತದೆ.

ಇಂಡೆಕ್ಸ್ (ಬೇಗ ಹುಡುಕೋಕೆ ಕಟ್ಟುವ ಸೂಚಿ) ಆದರೆ ಯಾವಾಗಲೂ 'ಕನ್‌ಕರೆಂಟ್ಲಿ' ಅಂತ ಸೇರಿಸಿಯೇ ಕಟ್ಟುತ್ತೇನೆ. ಟೇಬಲನ್ನು ಎರಡು ಸಲ ಓದುವುದರಿಂದ ಹೊತ್ತು ಜಾಸ್ತಿ ಹಿಡಿಯುತ್ತದೆ, ಆದರೆ ಬರೆಯುವವರಿಗೆ ಅಡ್ಡ ಬರುವುದಿಲ್ಲ. ರಾತ್ರಿ ಶುರು ಮಾಡಿ ಮಲಗಿದರೆ ಬೆಳಗ್ಗೆ ಎದ್ದು 'ಇನ್‌ವ್ಯಾಲಿಡ್' ಅಂತ ಏನಾದರೂ ಉಳಿದಿದೆಯಾ ನೋಡಿ. ಮಧ್ಯದಲ್ಲಿ ಕೈಕೊಟ್ಟಿದ್ದರೆ ಆ ಅರೆಬೆಂದ ಇಂಡೆಕ್ಸ್ ಯಾವ ಕ್ವೆರಿಗೂ ಉಪಯೋಗಕ್ಕೆ ಬರುವುದಿಲ್ಲ, ಆದರೂ ಪ್ರತಿ ಇನ್ಸರ್ಟ್‌ಗೆ ಹೊರೆ ಹೊರಿಸುತ್ತಾ ಇರುತ್ತದೆ. ಡ್ರಾಪ್ ಮಾಡಿ ಮತ್ತೆ ಹಚ್ಚಿ.