ಫೈಬರ್ ಸುತ್ತಿ ಕರೆಂಟ್ ಅಳೆಯೋದು: ಲ್ಯಾಬಲ್ಲೇ ಮಾಡಿ ನೋಡಿ

ಸಬ್‌ಸ್ಟೇಷನ್‌ನಲ್ಲಿ ಕೆಲ್ಸ ಮಾಡಿರೋರಿಗೆ ಸಿಟಿ (ದೊಡ್ಡ ಕರೆಂಟ್ ಅಳೆಯೋ ಕರೆಂಟ್ ಟ್ರಾನ್ಸ್‌ಫಾರ್ಮರ್) ಬಗ್ಗೆ ಹೇಳ್ಬೇಕಾಗಿಲ್ಲ, ಅದರ ಸೆಕೆಂಡರಿ, ಅಂದ್ರೆ ಮೀಟರ್ ಕಡೆಯ ಸುತ್ತು, ಓಪನ್ ಆದ್ರೆ ಜೀವ ತೆಗೆಯೋ ವೋಲ್ಟೇಜ್ ಬರತ್ತೆ, ದೊಡ್ಡ ಫಾಲ್ಟ್ ಆದಾಗ ಕಬ್ಬಿಣದ ಕೋರ್ ಸ್ಯಾಚುರೇಟ್ ಆಗಿ ಅಳತೆ ತಪ್ಪತ್ತೆ. ಕಂಡಕ್ಟರ್ ಸುತ್ತ ಆಪ್ಟಿಕಲ್ ಫೈಬರ್ (ಬೆಳಕು ಸಾಗಿಸೋ ಗಾಜಿನ ಎಳೆ) ಸುತ್ತಿ ಅಳೆದ್ರೆ ಇವೆರಡೂ ಇಲ್ಲ. 1845ರಲ್ಲಿ ಫ್ಯಾರಡೆ ಕಂಡುಹಿಡಿದದ್ದೇ ಇದರ ಮೂಲ: ಬೆಳಕು ಹೋಗೋ ದಿಕ್ಕಲ್ಲೇ ಮ್ಯಾಗ್ನೆಟಿಕ್ ಫೀಲ್ಡ್ ಇದ್ರೆ ಗಾಜಿನೊಳಗೆ ಅದರ ಪೋಲರೈಸೇಶನ್, ಅಂದ್ರೆ ಬೆಳಕಿನ ಅಲೆ ಅಲುಗೋ ದಿಕ್ಕು, ತಿರುಗತ್ತೆ. ಎಷ್ಟು ತಿರುಗಿತು ಅಂತ ನೋಡಿದ್ರೆ ಕರೆಂಟ್ ಸಿಕ್ತು.

ಆದ್ರೆ ತಿರುಗೋದು ತುಂಬಾ ಕಮ್ಮಿ. 1310 ನ್ಯಾನೋಮೀಟರ್ ಲೇಸರ್‌ನಲ್ಲಿ ಒಂದು ಸುತ್ತಿಗೆ, ಒಂದು ಆಂಪಿಯರ್‌ಗೆ ಸುಮಾರು 1 ಮೈಕ್ರೋರೇಡಿಯನ್ ಅಷ್ಟೇ. ಅದಕ್ಕೆ ಫೈಬರ್‌ನ 20 ಸುತ್ತು ಸುತ್ತಿ ರಿಂಗ್ ಮಾಡಿ, ಆ ರಿಂಗ್ ಒಳಗಿಂದ ತಾಮ್ರದ ವೈರ್ 200 ಸುತ್ತು ಪೋಣಿಸಿ, 5 ಆಂಪಿಯರ್ ಎಸಿ ಬಿಡಿ. 0.02 ರೇಡಿಯನ್ ಬರತ್ತೆ, ಅಂದ್ರೆ ಒಂದು ಡಿಗ್ರಿ ಚಿಲ್ಲರೆ, ಇಷ್ಟು ಸಾಕು.

ಎಲ್ರೂ ಎಡವೋದು ಸುತ್ತೋದ್ರಲ್ಲೇ. ಫೈಬರ್ ಬಾಗಿದ್ರೆ ಅದರೊಳಗೆ ಬೈರಿಫ್ರಿಂಜೆನ್ಸ್ (ಪೋಲರೈಸೇಶನ್ ದಿಕ್ಕಿನ ಮೇಲೆ ಬೆಳಕಿನ ವೇಗ ಬೇರೆಯಾಗೋದು) ಹುಟ್ಟಿ ನಮಗೆ ಬೇಕಾದ ಸಿಗ್ನಲ್‌ನ್ನೇ ನುಂಗತ್ತೆ, ನಾನು ಮೊದಲ್ನೇ ಸಲ ಪುಟ್ಟ ಡಬ್ಬಕ್ಕೆ ಬಿಗಿಯಾಗಿ ಸುತ್ತಿ ಇಡೀ ದಿನ ಲೇಸರ್ ಕೆಟ್ಟಿದೆ ಅಂದ್ಕೊಂಡೇ ಕಳೆದೆ. 30 ಸೆಂಟಿಮೀಟರ್ ಅಗಲದ ಫಾರ್ಮರ್ (ಫೈಬರ್ ಸುತ್ತೋ ದುಂಡನೆ ಚೌಕಟ್ಟು) ತಗೊಳ್ಳಿ. ಮಾಮೂಲಿ ಸಿಂಗಲ್ ಮೋಡ್ ಫೈಬರ್ ಆದ್ರೆ 20 ಮೀಟರ್‌ನಷ್ಟು ಕಾರಿಡಾರ್‌ನಲ್ಲಿ ಉದ್ದಕ್ಕೆ ಎಳೆದು, ಒಂದು ತುದಿ ಕ್ಲಾಂಪ್ ಮಾಡಿ, ಇನ್ನೊಂದು ತುದಿನ ಮೀಟರ್‌ಗೆ 5 ಸಲದ ಲೆಕ್ಕದಲ್ಲಿ 100 ಸಲ ತಿರುಚಿ, ತಿರುಚಿದ್ದು ಬಿಚ್ಚಿಕೊಳ್ಳದ ಹಾಗೆ ಹಿಡ್ಕೊಂಡೇ ಮೆಲ್ಲಗೆ ಸುತ್ತಿ. ಈ ತಿರುಚಿನಿಂದ ಬಾಗಿನ ಕಾಟ ಬಹಳ ತಗ್ಗತ್ತೆ. ತಯಾರಿಸುವಾಗಲೇ ತಿರುಗಿಸಿ ಎಳೆದ ಸ್ಪನ್ ಫೈಬರ್ ಸಿಕ್ಕಿದ್ರೆ ಇನ್ನೂ ಒಳ್ಳೇದು. ಟೇಪ್ ಒತ್ತಿ ಅಂಟಿಸ್ಬೇಡಿ, ಒತ್ತಡ ಬಿದ್ರೂ ಅದೇ ತೊಂದ್ರೆ.

ಮುಂದಿನ ಜೋಡಣೆ ಸುಲಭ: ಲೇಸರ್, ಪೋಲರೈಸರ್ (ಒಂದೇ ದಿಕ್ಕಲ್ಲಿ ಅಲುಗೋ ಬೆಳಕನ್ನ ಮಾತ್ರ ಬಿಡೋದು), ರಿಂಗ್, ಇನ್ನೊಂದು ಪೋಲರೈಸರ್, ಫೋಟೋಡಯೋಡ್. ಫೈಬರ್ ರಿಂಗ್ ಒಳಗೆ ಹೋಗೋ ಜಾಗ ಮತ್ತು ಹೊರಗೆ ಬರೋ ಜಾಗ ಒಂದೇ ಕಡೆ ಇರ್ಲಿ, ಇಲ್ಲಾಂದ್ರೆ ಸುತ್ತು ಮುಚ್ಚಿದ ಹಾಗಾಗಲ್ಲ. 1310 ಕಣ್ಣಿಗೆ ಕಾಣಲ್ಲ, ಫೈಬರ್ ತುದಿಗೆ ಮುಖ ಇಟ್ಟು ನೋಡ್ಬೇಡಿ. ಎರಡನೇ ಪೋಲರೈಸರ್ ತಿರುಗಿಸಿ ಬೆಳಕು ಅತಿ ಹೆಚ್ಚು, ಅತಿ ಕಮ್ಮಿ ಎಲ್ಲಿ ಅಂತ ಗುರುತು ಹಾಕಿ ಅವೆರಡರ ನಟ್ಟನಡುವೆ ನಿಲ್ಲಿಸಿ. ಆಸಿಲ್ಲೋಸ್ಕೋಪ್‌ನಲ್ಲಿ 50 ಹರ್ಟ್ಜ್ ಅಲೆ ಕಾಣ್ಬೇಕು. ಆ ಅಲೆನ ಡಿಸಿ ಮಟ್ಟದಿಂದ ಭಾಗಿಸಿ, ಆಗ ಲೇಸರ್ ಏರಿಳಿದ್ರೂ ರೀಡಿಂಗ್ ಕೆಡಲ್ಲ. ಸಿಗೋದು ಸುಮಾರು 4%, ಅಂದ್ರೆ ಆ 0.02 ರೇಡಿಯನ್‌ನ ಎರಡರಷ್ಟು.

ಈಗ ವೈರ್ ಕಟ್ಟನ್ನ ರಿಂಗ್ ಮಧ್ಯದಿಂದ ಅಂಚಿಗೆ ಸರಿಸಿ ನೋಡಿ, ರೀಡಿಂಗ್ ಅಲ್ಲಾಡ್ಬಾರ್ದು. ಪಕ್ಕದಲ್ಲಿ ಇನ್ನೊಂದು ಕಾಯಿಲ್‌ಗೆ ಕರೆಂಟ್ ಕೊಟ್ರೂ ಅಲ್ಲಾಡ್ಬಾರ್ದು, ಯಾಕಂದ್ರೆ ಆಂಪಿಯರ್ ನಿಯಮದ ಪ್ರಕಾರ ಸುತ್ತಿನ ಒಳಗಡೆ ಹಾದುಹೋದ ಕರೆಂಟ್ ಮಾತ್ರ ಲೆಕ್ಕಕ್ಕೆ ಬರೋದು. ಅಲ್ಲಾಡಿದ್ರೆ ಫೈಬರ್ ಒಳಗೆ ಹೋಗೋ, ಹೊರಗೆ ಬರೋ ಜಾಗ ಒಂದೇ ಕಡೆ ಇದಾವಾ ಅಂತ ಮೊದಲು ನೋಡಿ, ಆಮೇಲೆ ಎಲ್ಲಾದ್ರೂ ಫೈಬರ್ ಒತ್ತಿಕೊಂಡಿದೆಯಾ ಅಂತ ಬೆರಳಾಡಿಸಿ ಹುಡುಕಿ.