ಮಂತ್ರವಿಲ್ಲದ ಒಳ್ಳೆಯ ಹತ್ಯಾರು: ನಿಮ್ಮ ಆಟದ ಮೇಜಿಗೆ ತರುವುದು ಹೇಗೆ?

ದಾಳ ಉರುಳಿಸುತ್ತಾ ಪಾತ್ರಗಳಾಗಿ ಕಥೆ ಕಟ್ಟುವ ಆಟ ಡಂಜನ್ಸ್ ಆಂಡ್ ಡ್ರ್ಯಾಗನ್ಸ್. ಅದನ್ನು ಆಡುವ ಮೇಜಿನಲ್ಲಿ ಎಲ್ಲರ ಕಣ್ಣು ಮಂತ್ರದ ಕತ್ತಿಯ ಮೇಲೆ. ಪಳಗಿದ ಕಸುಬುದಾರ ಮಾಡಿದ ಉಳಿಯೋ ಬೀಗ ತೆರೆಯುವ ಕಡ್ಡಿಗಳೋ ಸಿಕ್ಕಿದರೆ ಆಟಗಾರ ತನ್ನ ಹಾಳೆಯಲ್ಲಿ ‘+2’ ಎಂದು ಗೀಚಿ ಮರೆತುಬಿಡುತ್ತಾನೆ. ತಪ್ಪು ಅವನದ್ದಲ್ಲ, ಬರೀ ಅಂಕಿಯಾಗಿ ಅದನ್ನು ಕೊಟ್ಟ ಡಿಎಂನದ್ದು, ಅಂದರೆ ಆಟ ನಡೆಸುವವನದ್ದು. ಮಳೆ ಬಿಡದ ಭಾನುವಾರ ಮಂಗಳೂರಲ್ಲೋ ಮಣಿಪಾಲದಲ್ಲೋ ಆಟಕ್ಕೆ ಕೂರುವ ಮೊದಲು, ಆಟ ನಡೆಸುವವರು ಇಷ್ಟು ಮಾಡಿಕೊಳ್ಳಿ.

1. ನಿಯಮ ನೋಡಿಕೊಳ್ಳಿ

2003ರ 3.5 ಆವೃತ್ತಿಯಲ್ಲಿ ಇಂಥವಕ್ಕೆ ಮಾಸ್ಟರ್‌ವರ್ಕ್ ಎನ್ನುತ್ತಾರೆ. ಸಲಕರಣೆಯಾದರೆ ಮಾಮೂಲಿ ಬೆಲೆಗಿಂತ 50 ಚಿನ್ನದ ನಾಣ್ಯ ಜಾಸ್ತಿ, ಆ ಕೆಲಸಕ್ಕೆ ಉರುಳಿಸಿದ ದಾಳದ ಅಂಕಿಗೆ +2. ಆಯುಧವಾದರೆ 300 ಜಾಸ್ತಿ. ಗುರಿಗೆ +1 ಸಿಗುತ್ತದೆ, ಏಟಿನ ಬಲಕ್ಕೆ ಏನೂ ಇಲ್ಲ. ಒಂದೇ ಕೆಲಸಕ್ಕೆ ಎರಡೆರಡು ಒಳ್ಳೆಯ ಸಲಕರಣೆ ಹಿಡಿದರೆ +4 ಆಗುವುದಿಲ್ಲ. ಇದನ್ನು ಕೇಳುವವನೊಬ್ಬ ಎಲ್ಲ ಗುಂಪಿನಲ್ಲೂ ಇರುತ್ತಾನೆ ಅಲ್ವಾ?

2. ಅಂಕಿಯನ್ನು ಸಮಯವಾಗಿ ತೋರಿಸಿ

20 ಮುಖದ ದಾಳದಲ್ಲಿ +2 ಅಂದರೆ ನೂರಕ್ಕೆ 10ರಷ್ಟು ಅನುಕೂಲ, ಅಷ್ಟೇ. ಆದರೆ 3.5ರಲ್ಲಿ ಅಪಾಯವೋ ಗಡಿಬಿಡಿಯೋ ಇಲ್ಲದಾಗ ದಾಳ ಉರುಳಿಸದೆ ‘10 ಬಿತ್ತು’ ಎಂದು ಹಿಡಿಯಬಹುದು. ಸಾಧಾರಣ ಬೀಗ ತೆರೆಯಲು ದಾಳವೂ ಪಾತ್ರದ ಕುಶಲತೆಯೂ ಸೇರಿ 25 ಆಗಬೇಕು. ಕಳ್ಳನ ಪಾತ್ರಕ್ಕೆ ಆ ಕುಶಲತೆ +13 ಇದೆ ಎನ್ನಿ. ಮಾಮೂಲಿ ಕಡ್ಡಿಯಲ್ಲಿ 23 ಆಗಿ ನಿಲ್ಲುತ್ತದೆ. ಇನ್ನು ದಾಳವನ್ನು ನಂಬಬೇಕು, ಇಲ್ಲವೇ 20 ಪಟ್ಟು ಸಮಯ ಕೊಟ್ಟು ‘20 ಬಿತ್ತು’ ಎನ್ನಬೇಕು. ಅಂದರೆ ಎರಡು ನಿಮಿಷ. 100 ನಾಣ್ಯದ ಒಳ್ಳೆಯ ಕಡ್ಡಿಗಳಿದ್ದರೆ ಸರಿಯಾಗಿ 25, ಆರೇ ಸೆಕೆಂಡಿನಲ್ಲಿ ಬೀಗ ತೆರೆದಿರುತ್ತದೆ. ಕಾವಲುಗಾರ ಎರಡು ನಿಮಿಷಕ್ಕೊಮ್ಮೆ ಬರುವಂತೆ ಇಡಿ. ಆಮೇಲೆ ಆ ಕಡ್ಡಿಗಳನ್ನು ಯಾರೂ ಮರೆಯುವುದಿಲ್ಲ.

3. ಒಂದು ಕಿರಿಕಿರಿ ತಪ್ಪಿಸಿ

ನನ್ನ ಮಟ್ಟಿಗೆ ಮುಖ್ಯವಾದದ್ದು ಇದೇ. ನಿಯಮದ +2 ಇರಲಿ, ಜೊತೆಗೆ ಒಂದು ಸಾಲು ಸೇರಿಸಿ: ಈ ಹತ್ಯಾರು ಯಾವ ತೊಂದರೆ ಕೊಡುವುದಿಲ್ಲ? ಹಾಡುಗಾರ ಪಾತ್ರದ ಕೈಗೆ ಚೆಂಡೆ ಕೊಡಿ. ಥಂಡಿಗೆ ಚೆಂಡೆಯ ಚರ್ಮ ಸಡಿಲವಾಗುತ್ತದೆ, ಹಗ್ಗ ಬಿಗಿದು ಶ್ರುತಿಗೆ ತರಬೇಕು ಎಂಬುದು ಯಕ್ಷಗಾನ ನೋಡುವ ನಮಗೆ ಹೊಸತೇನಲ್ಲ. ‘ಮಳೆಯಲ್ಲೂ ಇದರ ಸ್ವರ ಇಳಿಯುವುದಿಲ್ಲ’ ಎಂದು ಬರೆಯಿರಿ. ಆಮೇಲೆ ಮಳೆ ಸುರಿಸಿ. ಎದುರಾಳಿ ತಂಡದ ಚೆಂಡೆ ಬೊದ್ದಾಗಲಿ.

ಇಂಥ ಸಾಲುಗಳನ್ನು ಕೂತಲ್ಲೇ ಹುಟ್ಟಿಸುವುದಕ್ಕಿಂತ ಕೇಳಿ ತಿಳಿಯುವುದು ಸುಲಭ. ಮಲ್ಪೆಯಲ್ಲಿ ದೋಣಿ ಕೆಲಸದವರನ್ನು, ಕಾರ್ಕಳದಲ್ಲಿ ಕಲ್ಲು ಕೆತ್ತುವವರನ್ನು ‘ಯಾವ ಹತ್ಯಾರು ನಿಮಗೆ ಜಾಸ್ತಿ ಸತಾಯಿಸುತ್ತದೆ’ ಎಂದು ಕೇಳಿನೋಡಿ. ಉಪ್ಪುಗಾಳಿಗೆ ಹಿಡಿಯುವ ತುಕ್ಕು, ಬೇಗ ಮೊಂಡಾಗುವ ಬಾಯಿ, ಬೆವರಿಗೆ ಜಾರುವ ಹಿಡಿ, ಇವೆಲ್ಲ ಆಟಕ್ಕೆ ಬರುತ್ತವೆ. ಒಂದು ಹತ್ಯಾರಿಗೆ ಒಂದೇ ಸಾಲು ಸಾಕು. ಮೂರು ಬರೆದರೆ ಅದೂ ಮಂತ್ರದ ವಸ್ತುವೇ ಆಯಿತು.

4. ಮಾಡಲು ದಿನ ಹಿಡಿಯಲಿ

3.5ರಲ್ಲಿ ವಾರಕ್ಕೊಮ್ಮೆ ಉರುಳಿಸುವ ದಾಳ, ಕುಶಲತೆ ಸೇರಿ 20 ಆಗುವ ಕಮ್ಮಾರನಿಗೆ ಒಂದು ಕತ್ತಿಯ ಮಾಸ್ಟರ್‌ವರ್ಕ್ ಭಾಗ, ಅಂದರೆ ಆ 300 ನಾಣ್ಯದ ಹೆಚ್ಚಿನ ಕೆಲಸ, ಮುಗಿಸಲು ಸುಮಾರು ಎಂಟು ವಾರ ಬೇಕು. ಸಲಕರಣೆಗೆ ಒಂದು ವಾರದ ಮೇಲೆ ಸ್ವಲ್ಪ. ಆದ್ದರಿಂದ ಅಂಗಡಿಯಲ್ಲಿ ಸಾಲಾಗಿ ಜೋಡಿಸಿಡಬೇಡಿ. ಮುಂಗಡ ಕೊಟ್ಟು ಹೋಗಲಿ, ವಾಪಸ್ ಬರಲಿ. ಆ ಊರಿಗೆ ಮರಳಲು ಕಾರಣವೂ ಸಿಕ್ಕಿತು.

5. ಐದನೇ ಆವೃತ್ತಿ ಆಡುವವರಿಗೆ

2014ರ ನಿಯಮದಲ್ಲಿ ಮಾಸ್ಟರ್‌ವರ್ಕ್ ಇಲ್ಲ. ಹಳೆಯ +2 ಅನ್ನು ಸುಮ್ನೆ ಎತ್ತಿ ತರಬೇಡಿ. ಅಲ್ಲಿ ಹೊಸ ಪಾತ್ರದ ಪರಿಣತಿಯೇ +2, 17ನೇ ಹಂತಕ್ಕೆ ಹೋದರೂ +6. ಅಂಕಿ ಬಿಟ್ಟು, ಮೇಲೆ 3ರಲ್ಲಿ ಹೇಳಿದ ಕಿರಿಕಿರಿ ತಪ್ಪಿಸುವ ಒಂದು ಸಾಲನ್ನಷ್ಟೇ ಕೊಡಿ. ಬೇಕಿದ್ದರೆ ಒಂದು ದಿನದ ಆಟಕ್ಕೆ ಒಮ್ಮೆ ದಾಳ ಮರು ಉರುಳಿಸಲು ಬಿಡಿ.

6. ಮುಂದೆ ಮಂತ್ರ ಹಾಕಿಸುವವರಿದ್ದರೆ

ಇದನ್ನು ಮೊದಲ ದಿನವೇ ಹೇಳಿಬಿಡಿ. 3.5ರಲ್ಲಿ ಮಾಸ್ಟರ್‌ವರ್ಕ್ ಅಲ್ಲದ ಆಯುಧಕ್ಕೆ ಮಂತ್ರ ಹಾಕಲಾಗದು, ಮಾಡಿ ಮುಗಿಸಿದ ಆಯುಧಕ್ಕೆ ಆಮೇಲೆ ಆ ಗುಣ ಸೇರಿಸಲೂ ಆಗದು. +1 ಮಂತ್ರದ ಬೆಲೆ 2,000 ನಾಣ್ಯ, ಅದು 300ರ ಮೇಲೆ. ಮಾಸ್ಟರ್‌ವರ್ಕ್‌ನ +1, ಮಂತ್ರದ +1 ಎರಡೂ ಕೂಡಿ ಗುರಿಗೆ +2 ಆಗುವುದಿಲ್ಲ. ಮಂತ್ರದಿಂದ ಹೊಸದಾಗಿ ಸಿಗುವುದು ಏಟಿಗೆ +1. ಅಜ್ಜನ ಕತ್ತಿಯನ್ನೇ ಕೊನೆವರೆಗೂ ಹಿಡಿಯುತ್ತೇನೆ ಎನ್ನುವ ಆಟಗಾರನಿದ್ದರೆ, ಆ ಅಜ್ಜನ ಕಾಲದಲ್ಲೇ ಅದನ್ನು ಒಳ್ಳೆಯ ಕಮ್ಮಾರ ಮಾಡಿದ್ದ ಎಂದು ಪಾತ್ರದ ಹಾಳೆಯಲ್ಲಿ ಬರೆಸಿಡಿ.